ಖಡು ಕೆಳಗಿಟ್ಟು ಹುಳ ಹಿಡಿದ ದಿನಗಳು

ಜೀವಶಾಸ್ತ್ರ ಕಲಿಸುವವನಿಗೆ ಒಂದು ತೊಂದರೆ ಇದೆ. ಅವನ ಪಾಠದ ಸಾಮಾನು ಇಟ್ಟಲ್ಲಿ ಕೂಡುವುದಿಲ್ಲ. ಗಣಿತದವರ ತ್ರಿಕೋನ ಹಲಗೆಯಿಂದ ಜಿಗಿದು ಯಾರ ಮಡಿಲಿಗೂ ಬೀಳುವುದಿಲ್ಲ, ನಮ್ಮದು ಬೀಳುತ್ತದೆ. ಹೀಗಾಗಿ ನನ್ನ ನೌಕರಿಯುದ್ದಕ್ಕೂ ಇಂಥ ಪ್ರಸಂಗಗಳು ಆಗುತ್ತಲೇ ಹೋದವು. ಆದರೆ ಅರವತ್ತರ ದಶಕದಲ್ಲಿ, ನಾನು ಹೊಸದಾಗಿ ಸೇರಿದ ಮೊದಲ ವರ್ಷ, ದಾಂಡೇಲಿಯಲ್ಲಿ ಆದಷ್ಟು ಮುಂದೆ ಎಲ್ಲೂ ಆಗಲಿಲ್ಲ.

ಆಗ ನನಗೆ ಇಪ್ಪತ್ನಾಲ್ಕು ವರ್ಷ. ಧಾರವಾಡದಲ್ಲಿ ಓದು ಮುಗಿಸಿ, ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹೊತ್ತು ಬಸ್ಸಿನಿಂದ ಇಳಿದಿದ್ದೆ. ಕಾಲೇಜು ಎಂದ ಕೂಡಲೇ ದೊಡ್ಡ ಕಟ್ಟಡ ಕಲ್ಪಿಸಿಕೊಳ್ಳಬೇಡಿ. ಕಟ್ಟಿಗೆ ತುಂಬುತ್ತಿದ್ದ ಹಳೆಯ ವಖಾರಿಯನ್ನು ಖಾಲಿ ಮಾಡಿ, ನಡುವೆ ಹಲಗೆ ಹೊಡೆದು ಕೋಣೆ ಮಾಡಿದ್ದರು. ಹಲಗೆಯ ಆಚೆ ಗಣಿತ, ಈಚೆ ಜೀವಶಾಸ್ತ್ರ. ಕಾಗದದ ಗಿರಣಿಯ ಭೋಂಗಾ ಕೂಗಿದಾಗ ಎರಡೂ ಬಂದ್.

ಎರಡು ಸಲ ಹೇಳಿದ ಮಾತು

ಆಗಿನ ಪದ್ಧತಿ ಎಂದರೆ ನಾವು ಇಂಗ್ಲಿಷಿನಲ್ಲಿ ಟಿಪ್ಪಣಿ ಹೇಳುವುದು, ಹುಡುಗರು ತಲೆ ಎತ್ತದೆ ಬರೆದುಕೊಳ್ಳುವುದು. ನನ್ನ ಕಡೆ ಹದಿನೈದು ಜನ ಇದ್ದರು. ಗಿರಣಿ ಕೆಲಸಗಾರರ ಮಕ್ಕಳು ಕೆಲವರು, ಹಳಿಯಾಳ, ಮುಂಡಗೋಡ ಕಡೆಯ ಒಕ್ಕಲು ಮನೆತನದವರು ಕೆಲವರು. ಅವರ ಬರೆಯುವ ವೇಗ ನೋಡಿ ನನಗೆ ಹೆಮ್ಮೆಯೋ ಹೆಮ್ಮೆ. ಎಂಥ ಗುರು ನಾನು, ಒಂದು ಅಕ್ಷರ ಬಿಡದೆ ಕೇಳುತ್ತಾರಲ್ಲ!

ಜುಲೈ ತಿಂಗಳು. ಕಪ್ಪೆಯ ಉಸಿರಾಟದ ಪಾಠ ನಡೆದಿತ್ತು. ಹೊರಗೆ ಮಳೆ ಜೋರಾಗಿ, ಇರಚಲು ಒಳಗೆ ಹೊಡೆಯತೊಡಗಿತು. ಹೊಸ ಪ್ರಾಧ್ಯಾಪಕನ ಜಂಬ ನೋಡಿ, ಅದನ್ನೂ ಇಂಗ್ಲಿಷಿನಲ್ಲೇ ಹೇಳಿದೆ: ಕಿಟಕಿ ಹಾಕಿರಿ, ಮಳೆ ಒಳಗೆ ಬರುತ್ತಿದೆ. ಯಾರೂ ಏಳಲಿಲ್ಲ. ಮತ್ತೊಮ್ಮೆ ಹೇಳಿದೆ. ಆಗಲೂ ಏಳಲಿಲ್ಲ. ಕೊನೆಗೆ ನಾನೇ ಹೋಗಿ ಹಾಕಿ ಬಂದು ಪಾಠ ಮುಂದುವರಿಸಿದೆ.

ತಿಂಗಳ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಕೊಟ್ಟೆ. ಹದಿನೈದು ಉತ್ತರಪತ್ರಿಕೆಗಳಲ್ಲಿ ಹದಿಮೂರರಲ್ಲಿ, ನಾನು ಹೇಳಿದ ಇಂಗ್ಲಿಷಿನಲ್ಲೇ, ಹೀಗಿತ್ತು: 'ಕಪ್ಪೆಯು ಪುಪ್ಪುಸಗಳಲ್ಲದೆ ತನ್ನ ಒದ್ದೆ ಚರ್ಮದ ಮೂಲಕವೂ ಉಸಿರಾಡುತ್ತದೆ. ಕಿಟಕಿ ಹಾಕಿರಿ, ಮಳೆ ಒಳಗೆ ಬರುತ್ತಿದೆ.'

ಮುಂಡಗೋಡ ತಾಲೂಕಿನ ಇಂದೂರದಿಂದ ಬಂದ ಒಬ್ಬ ಹುಡುಗನಿದ್ದ, ಎಲ್ಲರಿಗಿಂತ ವೇಗವಾಗಿ ಬರೆಯುವವನು. ಅವನಂತೂ ಆ ವಾಕ್ಯಕ್ಕೆ ಕೆಳಗೆರೆ ಬೇರೆ ಎಳೆದಿದ್ದ. ಕರೆದು ಕೇಳಿದೆ, "ಇದೇನಪಾ ಇದು? ಇದಕ್ಕ ಯಾಕ ಗೆರಿ ಹೊಡದಿ?"

ಅವನು ಕೈಕಟ್ಟಿ ನಿಂತು ಹೇಳಿದ, "ಭಾಳ ಮುಖ್ಯ ಇರಬೇಕಂತ ತಿಳಕೊಂಡ್ನಿರಿ ಸರ್. ನೀವು ಅದೊಂದನ್ನ ಎರಡ ಸಲ ಹೇಳಿದ್ರಿ."

ಸಾರು

ಆ ಉತ್ತರಪತ್ರಿಕೆಗಳು ಹೇಗೋ ಪ್ರಿನ್ಸಿಪಾಲರ ಕೈಗೂ ಹೋದವು. ಅವರು ಗಣಿತದವರು. ಹಣೆ ತುಂಬ ವಿಭೂತಿ, ತಲೆಗೆ ಕರಿ ಟೋಪಿ, ಶಿಸ್ತಿನ ಮನುಷ್ಯ. ನನ್ನನ್ನು ಕರೆದು ಕೂಡ್ರಿಸಿದರು.

"ನೋಡ್ರಿ, ಗಣಿತಕ್ಕ ಹಲಗಿ ಮ್ಯಾಲ ಬರಿಯಾಕ ಒಂದ ಖಡು ಇದ್ರ ಸಾಕು. ನಿಮಗ ಕಪ್ಪಿ ಬೇಕು, ಹುಳಾ ಬೇಕು, ಬಾಟ್ಲಿ ಬೇಕು. ಈಗಾಗಲೇ ಮೂರು ಹುಡುಗ್ರು ವಿಷಯ ಬದಲಿ ಮಾಡ್ರಿ ಅಂತ ಅರ್ಜಿ ಕೊಟ್ಟಾರ. ಮುಂದ ಮಾನ್ಯತಾ ಕೊಡಾಕ ವಿಶ್ವವಿದ್ಯಾಲಯದ ಕಮಿಟಿ ಬರ್ತೈತಿ. ಹಿಂಗ ಕಿಡಕಿ, ಮಳಿ ಬರಕೋತ ಕುಂತ್ರ ನಿಮ್ಮ ವಿಷಯ ಬಂದ್ ಮಾಡಿ ಹೋಗ್ತಾರ."

ವಿಷಯ ಬಂದ್ ಆದರೆ ನನ್ನ ನೌಕರಿಯೂ ಬಂದ್. ಅದಕ್ಕಿಂತ ಹೆಚ್ಚಾಗಿ, ನನಗೇ ನಾಚಿಕೆಯಾಗಿತ್ತು. ಮಳೆಗಾಲದಲ್ಲಿ ಊರು ತುಂಬ ಕಪ್ಪೆ ಕೂಗುತ್ತಿರುವಾಗ ನಾನು ಕಿಟಕಿ ಹಾಕಿಕೊಂಡು ಕಪ್ಪೆಯ ಟಿಪ್ಪಣಿ ಹೇಳುತ್ತಿದ್ದೆ. ಇನ್ನು ಟಿಪ್ಪಣಿ ಸಾಕು, ಹುಡುಗರೇ ಕೈಯಿಂದ ಮಾಡಿ ನೋಡಲಿ ಎಂದು ಅಲ್ಲೇ ಕೂತು ನಿರ್ಧಾರ ಮಾಡಿದೆ.

"ಸರ್, ಹಂಗಾರ ಸೂಕ್ಷ್ಮದರ್ಶಕ ಹೊರಗ ತಗಸ್ರಿ," ಎಂದೆ.

ಅದು ಪ್ರಿನ್ಸಿಪಾಲರ ಕಪಾಟಿನಲ್ಲಿ ಮಡಿ ಬಟ್ಟೆ ಸುತ್ತಿಕೊಂಡು ಕೂತಿತ್ತು. ದಸರೆಗೊಮ್ಮೆ ಹೊರಗೆ ತೆಗೆದು, ಕುಂಕುಮ ಹಚ್ಚಿ, ಹೂ ಏರಿಸಿ, ಮತ್ತೆ ಒಳಗೆ ಇಡುತ್ತಿದ್ದರು. ಪೂಜೆ ಬಿಟ್ಟರೆ ಅದಕ್ಕೆ ಬೇರೆ ಉಪಯೋಗ ಆಗಿರಲಿಲ್ಲ. ಅಂತೂ ಕೊಟ್ಟರು. ಮಸೂರಕ್ಕೆ ಹತ್ತಿದ್ದ ಕುಂಕುಮ ಒರೆಸುವುದಕ್ಕೇ ಅರ್ಧ ತಾಸು ಹಿಡಿಯಿತು.

ಎಲ್ಲೆಲ್ಲಿಯ ನೀರು ಸಿಗುತ್ತದೋ ಅಷ್ಟನ್ನೂ ತನ್ನಿರಿ ಎಂದು ಹುಡುಗರಿಗೆ ಹೇಳಿದ್ದೆ. ಹೊಳೆಯದು, ಕೆರೆಯದು, ಗದ್ದೆಯದು, ಎಲ್ಲ ಬಾಟಲಿಗಳಲ್ಲಿ ಬಂದವು. ನಮ್ಮ ಕಾಲೇಜಿಗೆ ಒಬ್ಬನೇ ಸಿಪಾಯಿ. ಗಂಟೆ ಹೊಡೆಯುವವನೂ ಅವನೇ, ಕಸ ಗುಡಿಸುವವನೂ ಅವನೇ. ಅವನಿಗೂ ಹುರುಪು ಬಂದು ಒಂದು ಲೋಟ ನೀರು ತಂದಿಟ್ಟ. ಅದರಲ್ಲಿ ಒಂದು ಹನಿ ಗಾಜಿನ ಮೇಲೆ ಹಾಕಿದೆವು. ಅಬ್ಬಾ! ಹಿತ್ತಲ ಬಾವಿಯ ನೀರಿರಬೇಕು, ಚಪ್ಪಲಿಯ ಆಕಾರದ ಸಣ್ಣ ಜೀವಿಗಳು ಸರಸರ ಓಡಾಡುತ್ತಿದ್ದವು. ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ನೋಡಿದರು. ಗದ್ದಲ ಕೇಳಿ ಪ್ರಿನ್ಸಿಪಾಲರೇ ಬಂದರು. ಟೋಪಿ ಹಿಂದೆ ಸರಿಸಿ, ಒಂದು ಕಣ್ಣು ಮುಚ್ಚಿ, ಬಹಳ ಹೊತ್ತು ನೋಡಿದರು.

"ಭಾಳ ಚಂದ ಅದಾವಲ್ರಿ! ಎಲ್ಲೀವು ಇವು?"

ಸಿಪಾಯಿ ಹೆಮ್ಮೆಯಿಂದ ಹೇಳಿದ, "ನಿಮ್ಮ ಕೋಣ್ಯಾಗಿನ ಕುಡಿಯೋ ಗಡಿಗೀವ್ರಿ, ಸಾಹೇಬ್ರ."

ಪ್ರಿನ್ಸಿಪಾಲರು ಸ್ಟೂಲಿನ ಮೇಲೆ ಕೂತುಬಿಟ್ಟರು. ಹುಟ್ಟಿದಾಗಿನಿಂದ ತತ್ತಿ ಸಹ ಮುಟ್ಟಿದವರಲ್ಲ. ನಾನು ಸಮಾಧಾನ ಮಾಡಿದೆ: "ಚಿಂತಿ ಬ್ಯಾಡ್ರಿ ಸರ್. ನೀರು ಕುದಿಸಿ ಆರಿಸಿ ಕುಡೀರಿ. ಒಂದೂ ಉಳಿಯೂದಿಲ್ಲ, ಎಲ್ಲಾ ಸಾಯ್ತಾವ."

ಮರುದಿನ ಸಿಪಾಯಿ ನೀರು ಕುದಿಸಿ, ಆರಿಸಿ, ಲೋಟಕ್ಕೆ ಬಗ್ಗಿಸಿ ಮೇಜಿನ ಮೇಲಿಟ್ಟ. ಅವರು ಲೋಟ ಬಾಯಿಗೆ ಹಿಡಿಯುವ ಹೊತ್ತಿಗೆ ಮೆಲ್ಲಗೆ ಕೆಮ್ಮಿದ.

"ಸಾಹೇಬ್ರ, ಒಂದ್ ಮಾತು. ನಿನ್ನೀ ಮಟಾ ಅವು ತಮ್ಮಷ್ಟಕ್ಕ ಈಸಕೋತ ನಿಮ್ಮ ಹೊಟ್ಟ್ಯಾಗ ಹೋಗತಿದ್ವು. ಇವತ್ತ ನಾವು ಅವನ್ನ ಕೊಂದು, ಕುದಿಸಿ ಇಟ್ಟೇವಿ. ಈಗ ಇದಕ್ಕ ನೀರು ಅನ್ನೂದೋ, ಸಾರು ಅನ್ನೂದೋ?"

ಲೋಟ ಕೆಳಗಿಳಿಯಿತು. ಆಮೇಲೆ ಒಂದು ವಾರ ಪ್ರಿನ್ಸಿಪಾಲರು ಬರೀ ಮಜ್ಜಿಗೆಯ ಮೇಲಿದ್ದರು. ಆ ಮಜ್ಜಿಗೆಯ ಹತ್ತಿರ ಸೂಕ್ಷ್ಮದರ್ಶಕ ತರಕೂಡದು ಎಂದು ನನಗೆ ಲಿಖಿತ ತಾಕೀತು ಬಂತು.

ಮನೆಯಲ್ಲಿ ಮಾಡಿದ ಪ್ರಯೋಗ

ಕಾಳು ಮೊಳಕೆ ಒಡೆಯುವ ಪ್ರಯೋಗ ಸುಲಭ. ಹೆಸರುಕಾಳು ಒದ್ದೆ ಬಟ್ಟೆಯಲ್ಲಿ ಕಟ್ಟಿ, ಒಂದು ಗಂಟು ಬೆಳಕಿನಲ್ಲಿ, ಒಂದು ಗಂಟು ಕತ್ತಲಲ್ಲಿ ಇಟ್ಟು, ದಿನಾ ಆದದ್ದನ್ನು ಆದ ಹಾಗೆಯೇ ಬರೆಯಬೇಕು. ಬರೀ ಕಂಡದ್ದನ್ನು ಬರೆಯಿರಿ, ಸುಳ್ಳು ಬರೆಯಬೇಡಿ ಎಂದು ತಾಕೀತು ಮಾಡಿದ್ದೆ. ಗಿರಣಿಯಲ್ಲಿ ಕೆಲಸಕ್ಕಿದ್ದ ಬೆಳಗಾವಿ ಕಡೆಯವರೊಬ್ಬರ ಮಗ ತಾನು ಬರೆದ ವಹಿ ಒಪ್ಪಿಸಿದ. ಮೊದಲ ದಿನ, ಕಾಳು ಉಬ್ಬಿತು. ಎರಡನೆಯ ದಿನ, ಬಿಳಿ ಮೊಳಕೆ. ಮೂರನೆಯ ದಿನ, ಮೊಳಕೆ ಅರ್ಧ ಇಂಚು. ನಾಲ್ಕನೆಯ ದಿನ, ಅವ್ವ ಒಗ್ಗರಣೆ ಕೊಟ್ಟಳು.

ಕೆಳಗೆ ಫಲಿತಾಂಶ ಎಂಬಲ್ಲಿ ಬರೆದಿದ್ದ: 'ಕತ್ತಲಲ್ಲಿ ಇಟ್ಟದ್ದು ಹೆಚ್ಚು ರುಚಿ.'

ಅದರ ಕೆಳಗೆ ಬೇರೆ ಕೈಬರಹದಲ್ಲಿ, ಕಷ್ಟಪಟ್ಟು ಕೂಡಿಸಿದ ಅಕ್ಷರಗಳಲ್ಲಿ ಒಂದು ಸಾಲು: 'ಮುಂದಿನ ಸಲ ಮಡಕಿಕಾಳು ಹೇಳ್ರಿ ಸರ್. ನಮ್ಮನಿಯವ್ರಿಗೆ ಅದು ಸೇರತೈತಿ.'

ಎರೆಹುಳದ ಪ್ರಯೋಗವೂ ಹೀಗೇ ಊರಿಗೆ ಹೋಯಿತು. ಗಾಜಿನ ಭರಣಿಯಲ್ಲಿ ಕೆಂಪು ಮಣ್ಣು, ಉಸುಕು ಪದರ ಪದರವಾಗಿ ಹಾಕಿ ಹುಳ ಬಿಟ್ಟಿದ್ದೆವು. ಕೆಲವು ದಿನದಲ್ಲಿ ಪದರವೆಲ್ಲ ಕಲಸಿಹೋಗಿದ್ದವು. ಇಂದೂರದ ಹುಡುಗನಿಗೆ ಇದು ಎಷ್ಟು ಮನಸ್ಸಿಗೆ ಹತ್ತಿತೆಂದರೆ, ದೀಪಾವಳಿ ಸೂಟಿಯಲ್ಲಿ ಭರಣಿಯನ್ನೇ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಊರಿಗೆ ಒಯ್ದು ಅಪ್ಪನಿಗೆ ತೋರಿಸಿದ. "ಅಪ್ಪಾ, ನೋಡು, ಎತ್ತಿನ ಕೆಲಸಾ ಈ ಹುಳಾ ಮಾಡತೈತಿ!"

ಭತ್ತದ ಕಟಾವಿನ ಹೊತ್ತು. ಅಪ್ಪ ಭರಣಿ ನೋಡಿದರು, ಮಗನನ್ನು ನೋಡಿದರು.

"ಎತ್ತಿನ ಕೆಲಸಾ ಹುಳಾ ಮಾಡಾಕತ್ತಿದ್ರ ಮಾಡ್ಲಿ. ನಿನ್ನ ಕೆಲಸಾ ಮಾಡೂ ಹುಳಾ ಯಾವುದು? ಅದನ್ನೂ ಒಂದು ತಂದಿದ್ರ ಆಗತಿತ್ತು."

ಹುಡುಗ ಮರಳಿ ಬಂದಾಗ ಕೈತುಂಬ ಬೊಬ್ಬೆ. ಆದರೆ ಭರಣಿಯನ್ನು ಅಪ್ಪ ಬಿಟ್ಟುಕೊಟ್ಟಿರಲಿಲ್ಲ. ಕಟ್ಟೆಯ ಮೇಲೆ ಇಟ್ಟುಕೊಂಡು ಹಾದುಹೋಗುವವರನ್ನೆಲ್ಲ ಕರೆದು ತೋರಿಸುತ್ತಿದ್ದರಂತೆ.

ಕೆಂಪು ದಾರ

ನನ್ನ ವರ್ಗದಲ್ಲಿ ಹುಡುಗಿ ಅಂದರೆ ಒಬ್ಬಳೇ. ಹಳಿಯಾಳದ ಹತ್ತಿರದ ಒಂದು ಹಳ್ಳಿಯವಳು, ದಾಂಡೇಲಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದಳು. ಬಹಳ ಚುರುಕು. ಆದರೆ ಅವಳ ಅಪ್ಪ ಗಂಡು ನೋಡುತ್ತಿದ್ದಾರೆ, ಈ ವರ್ಷ ಮುಗಿಯುವುದರೊಳಗೆ ಬಿಡಿಸುತ್ತಾರೆ ಎಂದು ಎಲ್ಲರಿಗೂ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಆ ಮಾತು ಬಂದಾಗ ಮಾತ್ರ ಅವಳ ಮುಖ ಸಣ್ಣದಾಗುತ್ತಿತ್ತು.

ಪರಾಗಸ್ಪರ್ಶದ ಪಾಠದಲ್ಲಿ ಕುಂಬಳದ ಹೂವಿನ ಪ್ರಯೋಗ ಹೇಳಿದೆ. ಸಂಜೆಗೆ ಹೆಣ್ಣು ಹೂವಿನ ಮೊಗ್ಗಿಗೆ ದಾರ ಕಟ್ಟಿ ಬಿಗಿಯಬೇಕು, ಜೇನುಹುಳ ಒಳಗೆ ಹೋಗದಂತೆ. ಬೆಳಿಗ್ಗೆ ಕೆಲವನ್ನು ಬಿಚ್ಚಿ, ಗಂಡು ಹೂವಿನ ಪರಾಗ ಕೈಯಿಂದ ಮುಟ್ಟಿಸಿ ಮತ್ತೆ ಕಟ್ಟಬೇಕು. ಉಳಿದವನ್ನು ಹಾಗೇ ಬಿಡಬೇಕು. ಯಾವುದು ಕಾಯಿ ಕಟ್ಟುತ್ತದೆ, ಯಾವುದು ಉದುರುತ್ತದೆ ನೋಡಬೇಕು. ಹುಡುಗಿ ಒಂದು ಶನಿವಾರ ಊರಿಗೆ ಹೋಗಿ, ಯಾರಿಗೂ ಹೇಳದೆ, ಹಿತ್ತಲಿನ ಇಡೀ ಬಳ್ಳಿಗೆ ಈ ಪ್ರಯೋಗ ಮಾಡಿದಳು. ಮನೆಯಲ್ಲಿ ಸಿಕ್ಕದ್ದು ಕೆಂಪು ದಾರ.

ಬೆಳಿಗ್ಗೆ ಅಪ್ಪ ಎದ್ದು ನೋಡುತ್ತಾರೆ, ಬಳ್ಳಿಯ ಹೂವಿಗೆಲ್ಲ ಕೆಂಪು ದಾರದ ಗಂಟು! ಯಾರೋ ಮಾಟ ಮಾಡಿಸಿದ್ದಾರೆ ಎಂದು ಓಣಿಯೆಲ್ಲ ಕೂಡಿತು. ಒಬ್ಬರು ಲಿಂಬೆಹಣ್ಣು ತಂದರು, ಒಬ್ಬರು ಬೂದಿ ತಂದರು. ಇನ್ನೇನು ಬಳ್ಳಿ ಕಿತ್ತು ಸುಡಬೇಕು ಎನ್ನುವಾಗ ಹುಡುಗಿ ಅಡ್ಡ ನಿಂತು ಹೇಳಿದಳು, "ಅದು ಮಾಟ ಅಲ್ಲಪ್ಪಾ. ನಮ್ಮ ಸರ್ ಹೇಳ್ಯಾರ."

ಮರುದಿನ ಅವಳ ಅಪ್ಪ ಕಾಲೇಜಿನ ಬಾಗಿಲಲ್ಲಿ ನಿಂತಿದ್ದರು. ಆರಡಿ ಆಳು, ಕೊಂಬಿನ ಮೀಸೆ, ಕೈಯಲ್ಲಿ ಬಡಿಗೆ. "ದಾರ ಕಟ್ಟೂದನ್ನ ಕಲಿಸೂ ಮಾಸ್ತರ ಯಾರವ?" ಎಂದು ಕೇಳಿದರು. ಸಿಪಾಯಿ ಗಂಟೆ ಹೊಡೆಯುವ ಕೋಲಿನಿಂದಲೇ ನನ್ನ ಕಡೆ ತೋರಿಸಿ ತಾನು ಹೊರಗೆ ಹೋದ.

ನಾನು ಬೆವರುತ್ತ ವಿವರಿಸತೊಡಗಿದೆ. "ಕೂಡ್ರಿ, ಹೇಳ್ತೇನಿ. ಬಳ್ಳ್ಯಾಗ ಗಂಡು ಹೂವು ಬ್ಯಾರೆ, ಹೆಣ್ಣು ಹೂವು ಬ್ಯಾರೆ ಇರತಾವ್ರಿ. ಎರಡೂ ಕೂಡಿದ್ರ ಕಾಯಿ. ಜೇನುಹುಳಾ ನಡುವಿನ ಹಿರ್ಯಾ ಇದ್ಧಂಗ, ಆ ಮನಿಗೂ ಈ ಮನಿಗೂ ತಿರಗಿ ಸಂಬಂಧ ಕೂಡಸತೈತಿ. ನಿಮ್ಮ ಮಗಳು ಆ ಹುಳದ ಕೆಲಸಾ ತಾನ ಮಾಡ್ಯಾಳ."

ಅವರು ಬಡಿಗೆ ಮೇಜಿಗೆ ಆನಿಸಿದರು.

"ಅಂದ್ರ, ನನ್ನ ಮಗಳು ಕುಂಬಳಕಾಯಿ ಮದಿವಿ ಮಾಡಾಕತ್ತಾಳು?"

"ಒಂದ್ ರೀತಿ ಹೌದ್ರಿ."

"ಮಾಸ್ತರ, ಎರಡ ವರ್ಷ ಆತು, ನಾ ಆಕೀ ಮದಿವಿ ಮಾಡಾಕ ತಿರಗಾಕತ್ತೇನಿ. ಆಕಿ ಒಂದ ಬೆಳಗಿನ್ಯಾಗ ಇಪ್ಪತ್ತು ಮದಿವಿ ಮುಗಿಸ್ಯಾಳೇನು?"

ಹೋಗುವಾಗ ಹೇಳಿಹೋದರು: ಕಾಯಿ ಹಿಡಿಯದಿದ್ದರೆ ಹುಡುಗಿಯ ಹೆಸರು ತೆಗೆಯಿರಿ, ಮತ್ತೆ ಕಾಲೇಜಿಗೆ ಕಳಿಸುವುದಿಲ್ಲ. ಮೂರು ವಾರ ನಾನು ಊಟ ಮಾಡಿದರೂ ಹೊಟ್ಟೆ ತುಂಬಲಿಲ್ಲ. ಒಬ್ಬಳ ಓದು ಒಂದು ಬಳ್ಳಿಗೆ ಜೋತುಬಿದ್ದಿತ್ತಲ್ಲ! ನಾಲ್ಕನೆಯ ವಾರ ಒಂದು ಎತ್ತಿನ ಗಾಡಿ ಬಂದು ನಿಂತಿತು. ಗಾಡಿ ತುಂಬ ಕುಂಬಳಕಾಯಿ. ಹುಡುಗಿ ಪರಾಗ ಮುಟ್ಟಿಸಿದ್ದರಲ್ಲಿ ಒಂದೆರಡು ಬಿಟ್ಟು ಎಲ್ಲ ಕಾಯಿ ಕಟ್ಟಿದ್ದವು. ಬರೀ ದಾರ ಕಟ್ಟಿ ಬಿಟ್ಟದ್ದು ಒಂದೂ ನಿಂತಿರಲಿಲ್ಲ. ಅವಳ ಅಪ್ಪ ಎಲ್ಲಕ್ಕಿಂತ ದೊಡ್ಡ ಕಾಯಿಯನ್ನು ನನ್ನ ಮೇಜಿನ ಮೇಲಿಟ್ಟರು.

"ಅಂತೂ ಮಗಳನ್ನ ಓದಸ್ತೀರಿ?" ಎಂದೆ, ಜೀವ ಮರಳಿ ಬಂದವನಂತೆ.

"ಓದ್ಲಿ ಬಿಡ್ರಿ. ಓಣ್ಯಾಗಿನ ಮಂದಿ ಎಲ್ಲಾ ನಮ್ಮ ಬಳ್ಳೀನೂ ಮಾಡಿಕೊಡು ಅಂತ ಸಾಲು ಹಚ್ಚಿ ನಿಂತಾರ," ಎಂದು ಮೀಸೆ ತಿರುವಿದರು. "ಊರಾಗಿನ ಕುಂಬಳದ ಮದಿವಿ ಎಲ್ಲಾ ಮುಗದ ಮ್ಯಾಲ ಆಕೀದು ನೋಡೂಣು."

ಹನ್ನೊಂದು

ಜೋಯಿಡಾ ಕಡೆಯಿಂದ ಒಬ್ಬ ಹುಡುಗ ಬರುತ್ತಿದ್ದ. ಮನೆಯಲ್ಲಿ ಕೊಂಕಣಿ. ಕನ್ನಡವನ್ನು ಪಠ್ಯಪುಸ್ತಕದಿಂದಲೇ ಕಲಿತವನು. ಹೀಗಾಗಿ ಅವನು ಬಾಯಿ ತೆರೆದರೆ ಅಚ್ಚಾದ ಪುಸ್ತಕವೇ ಮಾತಾಡಿದಂತೆ. 'ಗುರುಗಳೇ, ತಮ್ಮ ಅಪ್ಪಣೆಯಾದರೆ ನಾನು ಮೂತ್ರ ವಿಸರ್ಜನೆಗೆ ತೆರಳುತ್ತೇನೆ' ಎನ್ನುತ್ತಿದ್ದ. ಎಂದೂ ನಗುತ್ತಿರಲಿಲ್ಲ. ದೀಪಾವಳಿಗೂ ಮೊದಲು, ಮಳೆಗಾಲದಲ್ಲೇ, ಅವನೇ ನಮ್ಮನ್ನು ಉಂಬಳದ, ಅಂದರೆ ಕಾಡುಜಿಗಣೆಯ, ಪ್ರಯೋಗಕ್ಕೆಂದು ತನ್ನ ಊರಿನ ಕಾಡಿಗೆ ಕರೆದೊಯ್ದಿದ್ದ.

ರಕ್ತ ಹೀರುವ ಉಂಬಳಕ್ಕೆ ತಂಬಾಕಿನ ನೀರು ಆಗಿಬರುವುದಿಲ್ಲ ಎಂದು ಅಲ್ಲಿಯವರು ಹೇಳುತ್ತಾರೆ. ನಿಜವೋ ಸುಳ್ಳೋ ನೋಡೋಣ ಎಂದು ಒಬ್ಬ ಹುಡುಗನ ಒಂದು ಕಾಲಿಗೆ ತಂಬಾಕಿನ ನೀರಲ್ಲಿ ಅದ್ದಿದ ಬಟ್ಟೆ, ಇನ್ನೊಂದಕ್ಕೆ ಬರೀ ನೀರಿನ ಬಟ್ಟೆ ಸುತ್ತಿ ಜಿಟಿಜಿಟಿ ಮಳೆಯಲ್ಲಿ ನಿಲ್ಲಿಸಿದೆವು. ಗರಡಿಯಲ್ಲಿ ಸಾಮು ಮಾಡಿದ ಹುಡುಗ, ನಿಲ್ಲಲು ತಾನೇ ಮುಂದೆ ಬಂದಿದ್ದ. ಮೊದಲ ಉಂಬಳ ಕಂಡಾಗ ಕಣ್ಣು ಮುಚ್ಚಿ ಶಿವಶಿವಾ ಎನ್ನತೊಡಗಿದ. ನಾನು ಪಕ್ಕದಲ್ಲಿ ನಿಂತು, ಗಡಿಯಾರ ನೋಡುತ್ತ, "ಧೈರ್ಯ ಬಿಡಬ್ಯಾಡ, ವಿಜ್ಞಾನಕ್ಕಾಗಿ ಇಷ್ಟರೆ ಮಾಡಬೇಕಪಾ," ಎಂದು ಭಾಷಣ ಮಾಡುತ್ತಿದ್ದೆ.

ಹತ್ತು ನಿಮಿಷವಾಯಿತು. ಜೋಯಿಡಾದ ಹುಡುಗ ಬಗ್ಗಿ ಎಣಿಸಿ, ಎದ್ದು ನಿಂತು, ವಹಿ ನೋಡಿ ಓದಿದ:

"ತಂಬಾಕಿನ ಕಾಲು, ಸೊನ್ನೆ. ನೀರಿನ ಕಾಲು, ಐದು. ಪ್ರಾಧ್ಯಾಪಕರು, ಹನ್ನೊಂದು."

ಕಮಿಟಿ

ಬೇಸಿಗೆಯ ಮುಂಚೆ ವಿಶ್ವವಿದ್ಯಾಲಯದ ಕಮಿಟಿ ಬಂತು. ಮೂರು ಜನ. ಅಧ್ಯಕ್ಷರು ಸೂಟು, ಬೂಟು ತೊಟ್ಟ ವಯಸ್ಸಾದ ಪ್ರಾಧ್ಯಾಪಕರು. ನಕ್ಕದ್ದನ್ನು ಯಾರೂ ನೋಡಿಲ್ಲ ಎಂಬ ಖ್ಯಾತಿ ಅವರದು. ನಮ್ಮ ವಖಾರಿ ನೋಡಿದರು, ಹಲಗೆಯ ಗೋಡೆ ತಟ್ಟಿ ನೋಡಿದರು, ಇದ್ದೊಂದು ಸೂಕ್ಷ್ಮದರ್ಶಕ ನೋಡಿದರು. ಪ್ರತಿ ಸಲವೂ 'ಹುಂ' ಎಂದರು. ಪ್ರಿನ್ಸಿಪಾಲರ ಮುಖ ಪ್ರತಿ 'ಹುಂ'ಗೂ ಒಂದಿಷ್ಟು ಇಳಿಯುತ್ತಿತ್ತು.

"ಸಾಮಾನು ಏನೂ ಇಲ್ಲಲ್ರಿ," ಎಂದರು ಅಧ್ಯಕ್ಷರು. "ಇದ್ರಾಗ ಏನ್ ಪ್ರಯೋಗ ಮಾಡಸ್ತೀರಿ?"

ನಾನು ಬಾಯಿ ತೆರೆಯುವ ಮೊದಲೇ ಜೋಯಿಡಾದ ಹುಡುಗ ಎದ್ದು ನಿಂತ. ಕೈಯಲ್ಲಿ ಸೈಕಲ್ ಟ್ಯೂಬು ಸುತ್ತಿದ ಸಣ್ಣ ಕಟ್ಟಿಗೆಯ ಸುತ್ತಿಗೆ. "ಸಾಮಾನಿನ ಅಗತ್ಯವಿಲ್ಲ ಸರ್. ತಾವು ಇದ್ದೀರಲ್ಲ. ದಯಮಾಡಿ ಮೇಜಿನ ಮೇಲೆ ಕುಳಿತುಕೊಳ್ಳಿರಿ."

ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಆದರೆ ಅಧ್ಯಕ್ಷರು, ಏನು ಮನಸ್ಸಿಗೆ ಬಂತೋ, ಹೋಗಿ ಮೇಜಿನ ಮೇಲೆ ಕಾಲು ಇಳಿಬಿಟ್ಟು ಕೂತರು. ಹುಡುಗ ವಿವರಿಸಿದ: ಮೊಣಕಾಲಿನ ಚಿಪ್ಪಿನ ಕೆಳಗೆ ತಟ್ಟಿದರೆ ಕಾಲು ತಾನಾಗಿ ಮುಂದೆ ಚಿಮ್ಮುತ್ತದೆ, ಅದನ್ನು ತಡೆಯಲು ಆಗುವುದಿಲ್ಲ. "ನನಗ ವಯಸ್ಸಾಗೇತಿ. ನನ್ನ ಕಾಲು ನಾ ಹೇಳಿದ್ಧಂಗ ಕೇಳತಾವ," ಎಂದರು ಅಧ್ಯಕ್ಷರು.

ಹುಡುಗ ತಟ್ಟಿದ. ಏನೂ ಆಗಲಿಲ್ಲ. ಅಧ್ಯಕ್ಷರು 'ಹುಂ' ಎಂದರು. ಪ್ರಿನ್ಸಿಪಾಲರಿಗೆ ತಡೆಯಲಾಗಲಿಲ್ಲ. "ಸರಿಯಾದ ಜಾಗಾ ನೋಡಿ ಹೊಡಿಯೋ ತಮ್ಮಾ!" ಎಂದು ಮುಂದೆ ಬಂದು, ಜಾಗ ತೋರಿಸಲು ಅಧ್ಯಕ್ಷರ ಮುಂದೆಯೇ ಬಗ್ಗಿದರು. ಅದೇ ಹೊತ್ತಿಗೆ ಹುಡುಗ ಸರಿಯಾದ ಜಾಗಕ್ಕೇ ತಟ್ಟಿದ.

ಬೂಟುಗಾಲು ಚಿಮ್ಮಿತು. ಪ್ರಿನ್ಸಿಪಾಲರ ಕರಿ ಟೋಪಿ ಹಲಗೆಯ ಗೋಡೆ ದಾಟಿ ಗಣಿತದ ವರ್ಗಕ್ಕೆ ಹೋಯಿತು. ಅವರು ಇದ್ದಲ್ಲೇ ನೆಲದ ಮೇಲೆ ಕೂತರು. ಸ್ವಲ್ಪ ಹೊತ್ತಿನ ಮೇಲೆ ಕೈಮುಗಿದು, ಸಣ್ಣ ದನಿಯಲ್ಲಿ ಹೇಳಿದರು: "ಸರ್, ಮಾನ್ಯತಾ ಕೊಡ್ದಿದ್ರ ಬ್ಯಾಡ್ರಿ. ಒದೀಬ್ಯಾಡ್ರಿ."

ಅಧ್ಯಕ್ಷರು ಗಾಬರಿಯಾದರು. "ಅಯ್ಯಯ್ಯ, ನಾ ಬೇಕಂತ ಒದೀಲಿಲ್ರಿ!"

ಜೋಯಿಡಾದ ಹುಡುಗ ಅವರ ಪರವಾಗಿ ಸಾಕ್ಷಿ ನುಡಿದ. "ಸತ್ಯ ಸರ್. ಇದು ಬೆನ್ನುಹುರಿಯ ಕೆಲಸ. ಇದರಲ್ಲಿ ತಮ್ಮ ಮೆದುಳಿನ ಪಾತ್ರವೇನೂ ಇಲ್ಲ."

ಅಧ್ಯಕ್ಷರು ಕನ್ನಡಕದ ಮೇಲಿನಿಂದ ಅವನನ್ನು ನೋಡಿದರು. ತಾನು ಹೇಳಿದ್ದು ಅರ್ಥವಾಗಲಿಲ್ಲವೆಂದು ತಿಳಿದು ಹುಡುಗ ಇನ್ನಷ್ಟು ಬಿಡಿಸಿ ಹೇಳಿದ: "ತಮಗೆ ಮೆದುಳು ಇಲ್ಲದಿದ್ದರೂ ತಾವು ಇದನ್ನು ಇಷ್ಟೇ ಚೆನ್ನಾಗಿ ಮಾಡುತ್ತಿದ್ದಿರಿ."

ನಾನು ಮನಸ್ಸಿನಲ್ಲೇ ಟ್ರಂಕು ಕಟ್ಟಿದೆ. ಅಧ್ಯಕ್ಷರ ಭುಜ ಅಲುಗಿತು. ಮೊದಲು ಕೆಮ್ಮೆಂದು ತಿಳಿದೆ. ನಗು! ಕನ್ನಡಕ ತೆಗೆದು, ಕಣ್ಣು ಒರೆಸಿ, ಮೇಜು ಗುದ್ದಿ ನಕ್ಕರು. ನಗುತ್ತಲೇ ಇಳಿದು ಪ್ರಿನ್ಸಿಪಾಲರನ್ನು ಕೈಹಿಡಿದು ಎಬ್ಬಿಸಿದರು. ಆಮೇಲೆ ಒಬ್ಬೊಬ್ಬ ಹುಡುಗನನ್ನೂ, ಆ ಹುಡುಗಿಯನ್ನೂ ಕರೆದು ಕೇಳಿದರು. ನೀ ಏನು ಮಾಡಿ ನೋಡಿದಿ, ಏನು ಕಂಡಿತು? ಒಬ್ಬರೂ ಟಿಪ್ಪಣಿ ಒಪ್ಪಿಸಲಿಲ್ಲ. ಎಲ್ಲರೂ ತಾವು ಕಂಡದ್ದನ್ನು ಹೇಳಿದರು, ಒಬ್ಬರ ಮಾತಿನಲ್ಲಿ ಇನ್ನೊಬ್ಬರು ಬಾಯಿ ಹಾಕಿ ಹೇಳಿದರು.

ಕೊನೆಗೆ ಅಧ್ಯಕ್ಷರು ವರದಿಯ ಕಾಗದ ಬಿಡಿಸಿ, ಏನೋ ಬರೆದು, ಸಹಿ ಮಾಡಲು ಪೆನ್ನು ಎತ್ತಿದರು. ಎತ್ತಿದವರು ಜೋಯಿಡಾದ ಹುಡುಗನತ್ತ ತಿರುಗಿದರು.

"ಏನಪಾ, ಈಗ ನಾ ಸಹಿ ಮಾಡಾಂವ. ಇದು ಮೆದುಳಿನ ಕೆಲಸೋ, ಬೆನ್ನುಹುರಿ ಕೆಲಸೋ?"

ಹುಡುಗ ನಗಲಿಲ್ಲ. ಒಂದು ಹೆಜ್ಜೆ ಮುಂದೆ ಬಂದು, ಕತ್ತು ಚಾಚಿ ಕಾಗದದ ಕಡೆ ನೋಡಿದ.

"ತಾವು ಏನು ಬರೆದಿದ್ದೀರಿ ಎಂಬುದನ್ನು ಓದಿ ಹೇಳುತ್ತೇನೆ, ಸರ್."